ಲಾಯ್ಡ್ ಮಾವ ಅಧ್ಯಕ್ಷರನ್ನು ಆರಿಸಿದ್ದು

ನನ್ನ ಮಾವ ಲಾಯ್ಡ್ ಹೌಗೆನ್ ಎದ್ದು ನಿಂತದ್ದು ಕಾಲಿಗೆ ಜೋಮು ಹಿಡಿದಿದ್ದರಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಪತ್ರಿಕೆಗಳಲ್ಲಿ ‘ಪ್ರಜಾಪ್ರಭುತ್ವದ ಮೇಲಿನ ಅಚಲ ನಿಷ್ಠೆ’ ಅಂತಲೂ ಬಂತು, ‘ಬಹುಕಾಲದ ಸಂಚು’ ಅಂತಲೂ ಬಂತು. ಕಾಲಿನ ವಿಷಯ ಯಾರೂ ಬರೆಯಲಿಲ್ಲ.

ಏಪ್ರಿಲ್ ತಿಂಗಳು. ಹೈಸ್ಕೂಲಿನ ಆಟದ ಹಾಲ್‌ನಲ್ಲಿ ಪಕ್ಷದ ಜಿಲ್ಲಾ ಸಮಾವೇಶ. ರಾಷ್ಟ್ರೀಯ ಸಮ್ಮೇಳನಕ್ಕೆ ಯಾರು ಹೋಗಬೇಕೆಂದು ಬೆಳಗಿನಿಂದ ಜನ ಕಿತ್ತಾಡಿದ್ದರು. ಅಲ್ಲಿಗೆ ಹೋದರೆ ಟೋಪಿ, ಬಲೂನು, ಟಿವಿ. ಸಂಜೆ ಐದಕ್ಕೆ ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದಾಗ ಸಭಾಪತಿಗಳು ಮೈಕಿನಲ್ಲಿ ಕೂಗಿದರು.

“ಇನ್ನೊಂದೇ ಒಂದು ಉಳಿದಿದೆ. ಈ ಜಿಲ್ಲೆಯಿಂದ ಒಬ್ಬ ಎಲೆಕ್ಟರ್ ಬೇಕು. ಯಾರಾದ್ರೂ? ಬೇಗ ಹೇಳಿ, ಹಾಲ್ ಬೀಗ ಹಾಕ್ಬೇಕಂತೆ.”

ಆಗ ಮಾವ ಎದ್ದರು. ಚಪ್ಪಾಳೆ ಬಿತ್ತು. ಅರ್ಧ ದೀಪ ಆರಿತು.

“ಏನ್ ಮಾಡ್ಬೇಕು ನಾನು?” ಎಂದು ಮಾವ ಬಾಗಿಲ ಬಳಿ ಸಭಾಪತಿಗಳನ್ನು ಕೇಳಿದರು.

“ನಮ್ಮ ಪಕ್ಷ ಈ ರಾಜ್ಯ ಗೆದ್ರೆ, ಡಿಸೆಂಬರ್‌ನಲ್ಲಿ ರಾಜ್ಯದ ರಾಜಧಾನಿಗೆ ಹೋಗಿ ಅಧ್ಯಕ್ಷರಿಗೆ ಒಂದು ಮತ ಹಾಕ್ಬೇಕು, ಅಷ್ಟೇ. ನಾವು ಇಲ್ಲಿ ಗೆದ್ದು ಮೂವತ್ತಾರು ವರ್ಷ ಆಯ್ತು ಲಾಯ್ಡ್. ನೀನು ಆರಾಮಾಗಿರು.”

ಮಾವ ಆರಾಮಾಗಿಯೇ ಇದ್ದರು. ಐನೂರು ಕಾರ್ಡು ಅಚ್ಚು ಹಾಕಿಸಿದರು: ‘ಲಾಯ್ಡ್ ಹೌಗೆನ್, ಅಮೆರಿಕದ ಅಧ್ಯಕ್ಷರ ಎಲೆಕ್ಟರ್’. ಕ್ಷೌರದಂಗಡಿಯಲ್ಲಿ ಕೊಟ್ಟರು, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಕೊಟ್ಟರು. ಇಪ್ಪತ್ತೊಂಬತ್ತು ವರ್ಷದಿಂದ ಅವರು ಶಾಲಾ ಬಸ್ಸಿನ ಡ್ರೈವರು. ಊರಿನಲ್ಲಿ ಅವರಿಗೆ ಇದ್ದ ಒಂದೇ ಖ್ಯಾತಿಯೆಂದರೆ, ಒಮ್ಮೆ ಅಂಗನವಾಡಿ ವಯಸ್ಸಿನ ಹತ್ತೊಂಬತ್ತು ಮಕ್ಕಳನ್ನು ಶಾಲೆಯ ಬದಲು ವೃದ್ಧಾಶ್ರಮದಲ್ಲಿ ಇಳಿಸಿ ಬಂದಿದ್ದು. ವೃದ್ಧರು ಮಕ್ಕಳಿಗೆ ಪುಡಿಂಗ್ ತಿನ್ನಿಸಿ, ವಾಪಸು ಕೊಡುವಾಗ ಅತ್ತರಂತೆ. ಹೊಸ ಡ್ರೈವರುಗಳ ತರಬೇತಿಯಲ್ಲಿ ಈಗಲೂ ಆ ಪಾಠ ಇದೆ.

ನನ್ನ ಗಂಡ ಎರಿಕ್ ಹಿಂದಿನ ವರ್ಷ ತೀರಿಕೊಂಡಿದ್ದ. ನಾನು ಅತ್ತೆ ಮಾವನ ಮನೆಯ ಮಹಡಿಯಲ್ಲೇ ಉಳಿದಿದ್ದೆ. ಹಾಗಾಗಿ ಎಲ್ಲವನ್ನೂ ನೋಡಿದೆ.

ನವೆಂಬರ್‌ನಲ್ಲಿ ಮಾವನ ಪಕ್ಷ ನಮ್ಮ ರಾಜ್ಯವನ್ನು ಆರುನೂರ ಹನ್ನೊಂದು ಮತಗಳಿಂದ ಗೆದ್ದಿತು.

ಮರುದಿನ ಬೆಳಿಗ್ಗೆ ಅತ್ತೆಯ ತಮ್ಮ ಡ್ವೇನ್ ಬಂದ. ಅವನದು ಎದುರು ಪಕ್ಷ. ಅತ್ತೆ ಡಾರ್ಲೀನ್ ಅವನ ಮುಂದೆ ಕಾಫಿ ಇಟ್ಟರು. ಅವನು ಕುಡಿಯಲಿಲ್ಲ, ಮಾವನನ್ನೇ ನೋಡುತ್ತ ಕೂತ.

“ಇಡೀ ದೇಶದಲ್ಲಿ ನಮ್ಮ ಪ್ರೆಸ್ಕಾಟ್‌ಗೆ ಇಪ್ಪತ್ತು ಲಕ್ಷ ಓಟು ಜಾಸ್ತಿ ಬಿದ್ದಿದೆ ಭಾವ. ಗೆದ್ದಿದ್ದು ಮಾತ್ರ ನಿಮ್ಮ ವಿಟ್ಕಾಂಬ್.”

“ಅದ್ಹೆಂಗೆ?”

“ಜನ ಹಾಕೋ ಓಟು ರಾಜ್ಯದ ಗಡಿ ದಾಟಲ್ಲ, ಅದಕ್ಕೆ. ಇಲ್ಲಿ ಆರ್ನೂರು ಚಿಲ್ಲರೆಯಲ್ಲಿ ಗೆದ್ದು ರಾಜ್ಯದ ಹತ್ತಕ್ಕೆ ಹತ್ತು ಎಲೆಕ್ಟರನ್ನೂ ಬಾಚ್ಕೊಂಡ್ರಿ. ಅಧ್ಯಕ್ಷರನ್ನ ನಿಜವಾಗ್ಲೂ ಆರಿಸೋರು ದೇಶದಲ್ಲಿ ಐನೂರ ಮೂವತ್ತೆಂಟೇ ಜನ. ನೀನೊಬ್ಬ.”

“ಕಾರ್ಡಲ್ಲಿ ಹಾಕ್ಸಿದ್ದೀನಲ್ಲ,” ಎಂದರು ಮಾವ.

“ಗೆಲ್ಲೋಕೆ ಇನ್ನೂರ ಎಪ್ಪತ್ತು ಬೇಕು. ನಿಮ್ಮ ಹತ್ರ ಎಷ್ಟಿದೆ ಗೊತ್ತಾ? ಸರಿಯಾಗಿ ಇನ್ನೂರ ಎಪ್ಪತ್ತು. ಒಬ್ಬ, ಒಬ್ಬನೇ ಒಬ್ಬ, ಬೇರೆ ಹೆಸರು ಬರೆದ್ರೂ ಯಾರೂ ಗೆದ್ದ ಹಾಗಲ್ಲ. ಆಮೇಲೆ ಸಂಸತ್ತಲ್ಲಿ ಗುದ್ದಾಟ. ದೇಶ ಹೊತ್ತಿ ಉರಿಯುತ್ತೆ.”

ಮಾವ ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟರು. ಮೇಜು ಇನ್ನೂ ಒಂದಡಿ ಆಚೆ ಇತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಭಯ ಬಂದು ಬಾಡಿಗೆದಾರನಂತೆ ನೆಲೆಸಿತು.

ರಾಜ್ಯದ ಹತ್ತು ಎಲೆಕ್ಟರುಗಳ ಮುಖಂಡರು ನಿವೃತ್ತ ನ್ಯಾಯಾಧೀಶ ಆಂಬ್ರೋಸ್ ಥೋರ್ಸನ್. ಅವರು ಎಲ್ಲರಿಗೂ ಫೋನ್ ಮಾಡಿ ಪಾಠ ಹೇಳಿದರು. ಎರಡು ಚೀಟಿ ಕೊಡುತ್ತಾರೆ. ಬಿಳಿ ಚೀಟಿ ಅಧ್ಯಕ್ಷರಿಗೆ, ಅದರಲ್ಲಿ ‘ವಿಟ್ಕಾಂಬ್’ ಎಂದು ಕೈಯಲ್ಲಿ ಬರೆಯಬೇಕು. ಹಳದಿ ಚೀಟಿ ಉಪಾಧ್ಯಕ್ಷರಿಗೆ, ಅದರಲ್ಲಿ ‘ಡೆಲಾನಿ’. ಚೀಟಿಯ ಮೇಲೆ ಬರೆದವರ ಹೆಸರಿರುವುದಿಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ಮಾತು ತಪ್ಪಿದವನನ್ನು ತಡೆಯುವ ಕಾನೂನಿದೆ, ನಮ್ಮಲ್ಲಿ ಇಲ್ಲ. ಏನು ಬರೆದಿದೆಯೋ ಅದೇ ಮತ.

“ಬಹಳ ಸುಲಭ, ಮಿಸ್ಟರ್ ಹೌಗೆನ್,” ಎಂದರು ನ್ಯಾಯಾಧೀಶರು.

ಮಾವ ಫೋನಿಟ್ಟು ಬೆಳ್ಳಗಾದ ಮುಖದಲ್ಲಿ ಕೂತರು. “ಸುಲಭ ಅಂದ್ರು, ಡಾರ್ಲೀನ್. ವೃದ್ಧಾಶ್ರಮದ ದಿನವೂ ಸುಲಭದ ರೂಟೇ ಕೊಟ್ಟಿದ್ರು.”

ಅತ್ತೆ ಒಂದು ಉಪಾಯ ಮಾಡಿದರು. ದಿನಾ ಊಟವಾದ ಮೇಲೆ ಮಾವ ಅಡಿಗೆಮನೆಯ ಮೇಜಿನಲ್ಲಿ ಕೂತು ಬಿಳಿ ಹಾಳೆಯಲ್ಲಿ ನೂರು ಸಲ ವಿಟ್ಕಾಂಬ್, ಹಳದಿ ಹಾಳೆಯಲ್ಲಿ ನೂರು ಸಲ ಡೆಲಾನಿ ಬರೆಯಬೇಕು. ಮೂರು ದಿನ ಎಲ್ಲ ಸರಿಯಿತ್ತು. ನಾಲ್ಕನೆಯ ದಿನ ಮಾವ ತಾವೇ ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ಏನಾದರೂ ಆಗುತ್ತದೆ.

“ಹೊಸ ಡ್ರೈವರಿಗೆ ರೂಟ್ ಕಲಿಸೋವಾಗ ಹೋಗಬೇಕಾದ ದಾರಿ ಮಾತ್ರ ತೋರಿಸಲ್ಲ, ಹೋಗಬಾರದ ತಿರುವನ್ನೂ ತೋರಿಸ್ತೀವಿ. ಯಾವ ಹೆಸರು ಬರೀಬಾರದು ಅಂತ ನನ್ನ ಕೈಗೆ ಹೇಗೆ ಗೊತ್ತಾಗ್ಬೇಕು?”

ಆದ್ದರಿಂದ ಅವರು ಬರೆಯಬಾರದ ಹೆಸರನ್ನೂ ಅಭ್ಯಾಸ ಮಾಡತೊಡಗಿದರು. ಭಾನುವಾರ ಚರ್ಚಿನಲ್ಲಿ ಪ್ರವಚನದ ಹೊತ್ತಿಗೆ, ಅಂದಿನ ಪ್ರಾರ್ಥನೆಯ ಹಾಳೆಯ ಹಿಂಬದಿಯಲ್ಲಿ ‘ಪ್ರೆಸ್ಕಾಟ್’ ಎಂದು ನಲವತ್ತಮೂರು ಸಲ ದುಂಡಾಗಿ ಬರೆದರು. ಬರೆದದ್ದನ್ನು ಕೀರ್ತನೆಯ ಪುಸ್ತಕದೊಳಗಿಟ್ಟು, ಅಲ್ಲೇ ಮರೆತು, ಮನೆಗೆ ಬಂದು ಸೂಪು ಕುಡಿದರು.

ಕೀರ್ತನೆಯ ಪುಸ್ತಕಗಳನ್ನು ಜೋಡಿಸಿಡುವುದು ಆರ್ಗನ್ ನುಡಿಸುವ ವರ್ನಾ. ಆಕೆ ಗುಟ್ಟು ಬಿಡುವವಳಲ್ಲ. ಹಾಳೆಯನ್ನು ಕಾಫಿಗೆ ನಿಂತಿದ್ದ ಎಂಟು ಜನರಿಗಲ್ಲದೆ ಬೇರೆ ಯಾರಿಗೂ ತೋರಿಸಲಿಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಎರಡು ಟಿವಿ ವ್ಯಾನು ನಿಂತಿದ್ದವು.

ಮೊದಲು ಒಳಗೆ ನುಗ್ಗಿದವನು ಡ್ವೇನ್. ಬೂಟಿನ ಹಿಮವನ್ನೂ ಕೊಡವದೆ ಮಾವನನ್ನು ಅಪ್ಪಿಕೊಂಡ. “ಭಾವ! ಮೂವತ್ತು ವರ್ಷ ನಿನ್ನ ದಡ್ಡ ಅಂದ್ಕೊಂಡಿದ್ದೆ. ಕ್ಷಮಿಸು. ನಿನ್ನ ಆತ್ಮಸಾಕ್ಷಿ ಎಚ್ಚರ ಆಯ್ತು!”

“ಯಾವುದೂ ಎಚ್ಚರ ಆಗಿಲ್ಲ ಮಾರಾಯ. ಅದು ಬರೀಬಾರದ ಹೆಸರು. ಬರೀಬಾರದು ಅಂತಲೇ ಬರೆದೆ.”

“ಗೊತ್ತು, ಗೊತ್ತು.” ಡ್ವೇನ್ ಕಣ್ಣು ಹೊಡೆದ. “ಹೊರಗೆ ಹಾಗೇ ಹೇಳ್ತಿರು.”

ಮಾವ ಹೊರಗೆ ಹೋಗಿ ಸತ್ಯವನ್ನೇ ಹೇಳಿದರು. ಅವರ ಜೀವನದ ದೊಡ್ಡ ಅನಾಹುತಗಳೆಲ್ಲ ಸತ್ಯ ಹೇಳಿದ್ದರಿಂದಲೇ ಆದದ್ದು.

“ಮನಸ್ಸು ಬದಲಾಯಿಸಿದ್ದೀರಾ, ಸರ್?” ಎಂದು ವರದಿಗಾರ್ತಿ ಕೇಳಿದಳು.

“ಇಲ್ಲಮ್ಮ. ಮನಸ್ಸಿನ ಬಗ್ಗೆ ನಂಗೇನೂ ಭಯ ಇಲ್ಲ. ಭಯ ಇರೋದು ಕೈ ಬಗ್ಗೆ.”

ಸಂಜೆಯ ವಾರ್ತೆಯಲ್ಲಿ ನಾಲ್ವರು ತಜ್ಞರು ಮಾವನ ಕೈಯ ಬಗ್ಗೆ ನಲವತ್ತು ನಿಮಿಷ ಚರ್ಚಿಸಿದರು. ಈ ಬಡ ಡ್ರೈವರಿನ ಕೈ ಕಡಿಯುವುದಾಗಿ ಹೆದರಿಸಿದವರು ಯಾರು? ಯಾವ ಪಕ್ಷ? ಒಬ್ಬರು ವಿದೇಶದ ಹೆಸರನ್ನೂ ಹೇಳಿದರು. ಮರುದಿನ ಕೌಂಟಿಯ ಶೆರಿಫ್ ನಮ್ಮ ಮನೆ ಎದುರು ಒಂದು ಪೊಲೀಸ್ ಗಾಡಿ ನಿಲ್ಲಿಸಿದರು. ಅದನ್ನು ಕಂಡು ಅಕ್ಕಪಕ್ಕದವರಿಗೆ ನಿಜಕ್ಕೂ ಭಯವಾಯಿತು. ಎದುರು ಮನೆಯವರು ಪರದೆ ಎಳೆದರು. ಎಡಗಡೆಯವರು ಅಕ್ಕನ ಮನೆಗೆ ಹೊರಟೇಬಿಟ್ಟರು.

ಕಾಗದಗಳು ಬರತೊಡಗಿದವು. ಮೊದಲ ದಿನ ಒಂದು ಡಬ್ಬಿ, ನಾಲ್ಕನೆಯ ದಿನ ಹನ್ನೊಂದು ಮೂಟೆ. ಮಾತು ಉಳಿಸಿಕೊಳ್ಳಿ ಎಂದು ಅರ್ಧ, ಮಾತು ಮುರಿಯಿರಿ ಎಂದು ಅರ್ಧ. ಅರಿಜೋನಾದ ಒಬ್ಬಾಕೆ ಮಾವನ ಕೈ ಬೆಚ್ಚಗಿರಲೆಂದು ಉಣ್ಣೆಯ ಗವಸು ಹೆಣೆದು ಕಳಿಸಿದ್ದಳು. ಒಂದು ಕಾಗದದಲ್ಲಿ ಒಂದೇ ಸಾಲಿತ್ತು: ‘ನಿನ್ನ ಬಸ್ಸಿನ ನಂಬರು ನಮಗೆ ಗೊತ್ತು.’ ಅತ್ತೆ ಅದನ್ನು ಶಾಲೆಗೆ ತೋರಿಸಿದರು. ಶಾಲೆಯವರು ಮಾವನನ್ನು ರಜೆಯ ಮೇಲೆ ಕಳಿಸಿದರು. ಬೆಳಿಗ್ಗೆ ಏಳೂವರೆಗೆ ಬಸ್ಸು ನಮ್ಮ ಬೀದಿಯಲ್ಲಿ ಹೋಗುವಾಗ ಮಾವ ಕಿಟಕಿಯ ಹಿಂದೆ ನಿಂತು ಕೈ ಎತ್ತುತ್ತಿದ್ದರು. ಮಕ್ಕಳೂ ಎತ್ತುತ್ತಿದ್ದವು. ಪೊಲೀಸಿನವನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಇದರ ನಡುವೆ ಕರ್ಟಿಸ್ ಬೇರೆ. ಕರ್ಟಿಸ್ ವಿಮೆ ಮಾರುವವನು, ಮತ್ತು ಮಾವನ ಬದಲಿ. ಡಿಸೆಂಬರಿನ ಆ ಮತದಾನದ ದಿನ ಮಾವ ಹಾಜರಾಗದಿದ್ದರೆ ಮತ ಹಾಕುವವನು ಅವನೇ. ದಿನಾ ಬಾಳೆಹಣ್ಣಿನ ಬ್ರೆಡ್ಡು ಹಿಡಿದು ಬರುತ್ತಿದ್ದ.

“ನಿದ್ದೆ ಬಂತಾ ಲಾಯ್ಡ್? ಎದೆ ಹಿಡಿದ ಹಾಗೆ ಏನಾದ್ರೂ? ಎಡಗೈ ಜುಮ್ ಅನ್ನುತ್ತಾ?”

“ಸ್ವಲ್ಪ ಅನ್ನುತ್ತೆ.”

“ಹೌದಾ!” ಕರ್ಟಿಸನ ಕಣ್ಣು ಹೊಳೆಯಿತು. “ನೀನು ಏನೂ ತಲೆ ಕೆಡಿಸ್ಕೋಬೇಡ. ನನ್ನ ಸೂಟು ಇಸ್ತ್ರಿ ಮಾಡ್ಸಿಟ್ಟಿದ್ದೀನಿ.”

ಅತ್ತೆ ಬ್ರೆಡ್ಡನ್ನು ಕಿತ್ತುಕೊಂಡರು. “ಅವರು ಸತ್ರೆ ಮೊದಲು ನಿಂಗೇ ಫೋನ್ ಮಾಡ್ತೀನಿ ಕರ್ಟಿಸ್, ಪಾದ್ರಿಗೆ ಆಮೇಲೆ. ಈಗ ಹೊರಡು.”

ಡಿಸೆಂಬರಿನ ಮೊದಲ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಸಾಮೂಹಿಕ ಊಟ. ಹೋಗದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆಂದು ಅತ್ತೆ ಆಲೂಗಡ್ಡೆಯ ಹಾಟ್‌ಡಿಶ್ ಮಾಡಿ ಮಾವನನ್ನು ಎಳೆದುಕೊಂಡು ಹೋದರು. ನಾವು ಕೂತ ಮೇಜಿನ ಸುತ್ತ ಮಾತು ನಿಂತಿತು. ಚಮಚಗಳ ಸದ್ದೂ ನಿಂತಿತು. ನಮ್ಮ ಕಡೆ ಯಾರೂ ಯಾರನ್ನೂ ನೇರವಾಗಿ ಬೈಯುವುದಿಲ್ಲ. ವಿಷಯವನ್ನು ಬೈಯುತ್ತಾರೆ.

“ಈ ಪದ್ಧತಿಯನ್ನೇ ಕಿತ್ತು ಹಾಕ್ಬೇಕು,” ಎಂದ ಡ್ವೇನ್, ಹಸಿರು ಜೆಲ್ಲೊ ಸಿಹಿ ಬಡಿಸಿಕೊಳ್ಳುತ್ತ. “ದೇಶದಲ್ಲಿ ಯಾರಿಗೆ ಜಾಸ್ತಿ ಓಟೋ ಅವರು ಅಧ್ಯಕ್ಷರು. ಮಕ್ಕಳು ಕ್ಲಾಸ್ ಲೀಡರನ್ನ ಹಾಗೇ ಆರಿಸ್ತಾರೆ.”

“ಆಮೇಲೆ ನಮ್ಮಂಥ ಸಣ್ಣೂರಿಗೆ ಯಾವ ಅಭ್ಯರ್ಥಿ ಬರ್ತಾನೆ?” ಎಂದಳು ವರ್ನಾ. “ಎಲ್ಲಾ ದೊಡ್ಡ ಪಟ್ಟಣದಲ್ಲೇ ಬಿದ್ದಿರ್ತಾರೆ.”

“ಈಗ ಯಾವನು ಬಂದಿದ್ದಾನೆ?”

“ಒಬ್ಬ ಬಂದಿದ್ದ. ನಾನು ಹೈಸ್ಕೂಲಲ್ಲಿದ್ದಾಗ. ಪೆಟ್ರೋಲ್ ಬಂಕಲ್ಲಿ ನಿಲ್ಸಿ ಟಾಯ್ಲೆಟ್ಟಿಗೆ ಹೋಗಿದ್ದ. ಎಷ್ಟು ವಿನಯ ಅಂತೀಯಾ, ಬೀಗದ ಕೈ ತಾನೇ ವಾಪಸ್ ಕೊಟ್ಟ.”

“ಕಿತ್ತು ಹಾಕೋದು ಬೇಡ,” ಎಂದರು ಪಾದ್ರಿಗಳು. “ಹತ್ತನ್ನೂ ಒಬ್ಬನಿಗೇ ಕೊಡೋ ಬದಲು ಬಿದ್ದ ಓಟಿನ ಪ್ರಕಾರ ಐದೈದು ಹಂಚಿದ್ರೆ ಸಾಕಲ್ಲ.”

“ಆಗ ಎರಡೂ ಕಡೆಯವ್ರು ಬೈತಾರೆ, ಪಾದ್ರಿಗಳೇ.”

“ಅದಕ್ಕೇ ನ್ಯಾಯ ಅಂತಾರಪ್ಪ.”

“ಅದೆಲ್ಲ ಬೇಡ,” ಎಂದ ಕರ್ಟಿಸ್. “ಒಂದೇ ಒಂದು ಕಾನೂನು ಸಾಕು. ಎಲೆಕ್ಟರು ತಪ್ಪು ಬರೆದ ತಕ್ಷಣ ಅವನನ್ನ ಎಬ್ಬಿಸಿ ಬದಲಿಯವನನ್ನ ಕೂರಿಸೋದು. ಅಲ್ಲೇ, ಅದೇ ಕುರ್ಚಿಯಲ್ಲಿ.”

ಎಲ್ಲರೂ ಮೊದಲ ಬಾರಿಗೆ ಮಾವನ ಕಡೆ ತಿರುಗಿದರು. “ನೀನೇನಂತೀಯಾ ಲಾಯ್ಡ್?” ಎಂದಳು ವರ್ನಾ.

ಮಾವ ಚಮಚ ಕೆಳಗಿಟ್ಟರು. “ನನ್ನಂಥವನ ಕೈಗೆ ಇಂಥದ್ದು ಬರಬಾರದು. ಅಷ್ಟು ಸುಧಾರಣೆ ಮಾಡಿದ್ರೆ ಸಾಕು.”

ಪಾದ್ರಿಗಳು ಅವರ ತಟ್ಟೆಗೆ ಇನ್ನೊಂದು ಚಮಚ ಹಾಟ್‌ಡಿಶ್ ಹಾಕಿದರು.

“ಅದನ್ನ ಸಂವಿಧಾನದಲ್ಲಿ ಹೆಂಗೆ ಬರೀತಾರೆ?” ಎಂದು ವರ್ನಾ ಕಡೆಗೆ ಕೇಳಿದಳು.

ಮತ ಹಾಕುವ ದಿನ ಬಂತು. ಮಂಗಳವಾರ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಮಾವನ ಸೂಟು ಹೊಟ್ಟೆಯ ಬಳಿ ಸೇರಲಿಲ್ಲ. ಅತ್ತೆ ಎರಿಕನ ಸೂಟು ತಂದರು. ತೋಳು ಉದ್ದವಾಗಿತ್ತು, ನಾನು ಮಡಿಚಿ ಹೊಲಿದೆ. ಗಾಡಿ ನಾನು ಓಡಿಸಿದೆ. ಮುಂದೆ ಶೆರಿಫನ ಗಾಡಿ, ಹಿಂದೆ ತೊಂಬತ್ತು ಮೈಲಿಯುದ್ದಕ್ಕೂ ಕರ್ಟಿಸ್. ಮಾವ ದಾರಿಯುದ್ದಕ್ಕೂ ಬಾಯಲ್ಲೇ ‘ಬಿಳಿ, ವಿಟ್ಕಾಂಬ್, ಹಳದಿ, ಡೆಲಾನಿ’ ಎನ್ನುತ್ತಿದ್ದರು. ಎರಡು ಸಲ ಅದಲುಬದಲಾಯಿತು. ಅತ್ತೆ ತಿದ್ದಿದರು. ಮೂರನೆಯ ಸಲ ಅತ್ತೆಯೂ ತಪ್ಪಿದರು.

ರಾಜ್ಯಸೌಧದ ಮೆಟ್ಟಿಲ ಮೇಲೆ ಎರಡು ಗುಂಪು. ಒಂದು ‘ಮಾತು ಉಳಿಸಿ’ ಎಂದು ಫಲಕ ಹಿಡಿದಿತ್ತು, ಇನ್ನೊಂದು ‘ದೇಶ ಉಳಿಸಿ’ ಎಂದು. ಮಾವನನ್ನು ಕಂಡು ಎರಡೂ ಜಯಕಾರ ಹಾಕಿದವು. ಅವರು ತಮ್ಮವರೇ ಎಂದು ಎರಡಕ್ಕೂ ಖಾತ್ರಿ ಇತ್ತು. ಮಾವ ಹೆದರಿಕೆಯಿಂದ ಎರಡೂ ಕಡೆಗೆ ತಲೆ ಬಾಗಿಸಿದರು. ಜಯಕಾರ ಇಮ್ಮಡಿಯಾಯಿತು.

ಒಳಗೆ ಹತ್ತು ಮೇಜು. ಮಾವನ ಪಕ್ಕದ ಮೇಜು ನ್ಯಾಯಾಧೀಶ ಥೋರ್ಸನ್ ಅವರದು. ನಾನೂ ಅತ್ತೆಯೂ ಮೇಲಿನ ಗ್ಯಾಲರಿಯಲ್ಲಿ ಕೂತೆವು. ಕರ್ಟಿಸ್ ನಮ್ಮ ಪಕ್ಕದಲ್ಲಿ, ಅರ್ಧ ಎದ್ದ ಭಂಗಿಯಲ್ಲಿ. ಚೀಟಿ ಹಂಚಿದರು. ಮಾವ ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದರು. ನಾಲಿಗೆ ಹೊರಗೆ ಬಂದಿತ್ತು. ಬರೆದರು, ನೋಡಿದರು, ಚೀಟಿಯ ಬಣ್ಣ ನೋಡಿದರು, ಮತ್ತೆ ನೋಡಿದರು. ನ್ಯಾಯಾಧೀಶರು ಹಿಂದಿನ ಸಾಲಿನಲ್ಲಿದ್ದ ರಾಜ್ಯಪಾಲರ ಹೆಂಡತಿಯ ಕಡೆ ತಿರುಗಿ ಏನೋ ತಮಾಷೆ ಹೇಳುತ್ತಲೇ ಎರಡನ್ನೂ ಗೀಚಿ ಮುಗಿಸಿ, ಕೈ ಕಟ್ಟಿ ಕೂತರು. ಇಡೀ ಸಭೆ ಮಾವನಿಗಾಗಿ ಆರು ನಿಮಿಷ ಕಾಯಿತು.

ರಾಜ್ಯ ಕಾರ್ಯದರ್ಶಿ ಮಿಸೆಸ್ ಲಿಂಡ್‌ಗ್ರೆನ್ ಬಿಳಿ ಚೀಟಿಗಳನ್ನು ಬಿಡಿಸಿ ಓದಿದರು. “ವಿಟ್ಕಾಂಬ್. ವಿಟ್ಕಾಂಬ್. ವಿಟ್ಕಾಂಬ್.” ಆರು ಆಯಿತು. ಅತ್ತೆ ನನ್ನ ಮೊಣಕೈ ಹಿಡಿದಿದ್ದರು. ಏಳನೆಯದನ್ನು ಮಿಸೆಸ್ ಲಿಂಡ್‌ಗ್ರೆನ್ ಬಿಡಿಸಿದರು. ಕನ್ನಡಕ ತೆಗೆದು ಒರೆಸಿದರು.

“ಡೆಲಾನಿ.”

ಉಪಾಧ್ಯಕ್ಷರ ಹೆಸರು, ಅಧ್ಯಕ್ಷರ ಚೀಟಿಯಲ್ಲಿ.

ಉಳಿದ ಮೂರೂ ವಿಟ್ಕಾಂಬ್. ಒಂಬತ್ತು. ದೇಶದ ಲೆಕ್ಕ ಇನ್ನೂರ ಅರವತ್ತೊಂಬತ್ತು. ಆ ಹಾಲ್‌ನಲ್ಲಿ ಇನ್ನೂರು ಜನ ಇದ್ದರು, ಇನ್ನೂರೂ ಜನ ಮಾವನನ್ನು ನೋಡಿದರು. ಕ್ಯಾಮೆರಾಗಳೂ ತಿರುಗಿದವು.

ಮಿಸೆಸ್ ಲಿಂಡ್‌ಗ್ರೆನ್ ವಕೀಲರನ್ನು ನೋಡಿದರು. ವಕೀಲರು ಪುಸ್ತಕ ನೋಡಿದರು. ಪುಸ್ತಕದಲ್ಲಿ ಏನೂ ಇರಲಿಲ್ಲವೆಂದು ಅವರ ಮುಖದಿಂದಲೇ ತಿಳಿಯಿತು. ಪಿಸುಪಿಸು ಆದ ಮೇಲೆ ಮಿಸೆಸ್ ಲಿಂಡ್‌ಗ್ರೆನ್ ಎದ್ದರು.

“ಇದು ಕೈತಪ್ಪು ಅಂತ ಬರೆದವರೇ ಒಪ್ಪಿಕೊಂಡ್ರೆ, ಸಹಿ ಬೀಳೋ ಮುಂಚೆ ಈ ಚೀಟಿ ರದ್ದು ಮಾಡಿ ಹೊಸದು ಕೊಡ್ತೀವಿ. ಯಾರೂ ಒಪ್ಪದೇ ಇದ್ರೆ, ಇರೋದು ಇರೋ ಹಾಗೇ ವಾಷಿಂಗ್ಟನ್ನಿಗೆ ಹೋಗುತ್ತೆ.”

ಯಾರೂ ಏಳಲಿಲ್ಲ. ಹೊರಗಿನ ಗುಂಪುಗಳ ಕೂಗು ಗಾಜಿನ ಮೂಲಕ ಕೇಳುತ್ತಿತ್ತು. ಯಾರೋ ಸುದ್ದಿ ಮುಟ್ಟಿಸಿರಬೇಕು, ಕೂಗಿನ ದನಿ ಬದಲಾಗಿತ್ತು. ಪೊಲೀಸರು ಬಾಗಿಲ ಕಡೆ ಸರಿದರು. ನ್ಯಾಯಾಧೀಶರು ತಮ್ಮ ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತಿದ್ದರು. ಬಹಳ ಹೊತ್ತು ತಿರುಗಿಸಿದರು.

ಮಾವ ಎದ್ದರು.

“ನಾನೇ ಇರ್ಬೇಕು, ಮೇಡಮ್.”

“ಇರ್ಬೇಕು ಅಂದ್ರೆ?”

ಮಾವ ಸುತ್ತ ನೋಡಿದರು. ಇನ್ನೂರು ಮುಖಗಳು ಹೌದು ಎನ್ನುತ್ತಿದ್ದವು. “ನಾನೇ,” ಎಂದರು.

ಹಾಲ್ ಉಸಿರು ಬಿಟ್ಟಿತು. ಹಿಂದೆ ಯಾರೋ ನಕ್ಕರು. ಹೊಸ ಚೀಟಿ ಬಂತು. ಮಾವ ನಿಂತುಕೊಂಡೇ ಬರೆದರು. ಮಿಸೆಸ್ ಲಿಂಡ್‌ಗ್ರೆನ್ ಓದಿದರು: ವಿಟ್ಕಾಂಬ್. ಹತ್ತಕ್ಕೆ ಹತ್ತು. ಹಳದಿ ಚೀಟಿ ಹತ್ತೂ ಡೆಲಾನಿ. ದೇಶಕ್ಕೆ ಅಧ್ಯಕ್ಷರಾದರು. ಕರ್ಟಿಸ್ ಮೆಲ್ಲಗೆ ಕುರ್ಚಿಯಲ್ಲಿ ಕೂತ.

ನಾವು ಹಿಂಬಾಗಿಲಿನಿಂದ ಹೊರಬಂದು ಗಾಡಿಯಲ್ಲಿ ಕೂತೆವು. ಗಾಜಿನ ಮೇಲೆಲ್ಲ ಮಂಜು ಕಲ್ಲಾಗಿತ್ತು. ಒಳಗೆ ಮಬ್ಬು.

“ನಿಜ ಹೇಳು ಲಾಯ್ಡ್,” ಎಂದರು ಅತ್ತೆ. “ಅದು ನೀನೇನಾ?”

“ಗೊತ್ತಿಲ್ಲ ಡಾರ್ಲೀನ್. ಭಯಕ್ಕೆ ಏನು ಬರೆದೆ ಅಂತ ಒಂದಕ್ಷರ ನೆನಪಿಲ್ಲ. ಆದ್ರೆ ಎಲ್ರೂ ನನ್ನನ್ನೇ ನೋಡಿದ್ರು. ಅಷ್ಟು ಜನ ತಪ್ಪಿರ್ತಾರಾ?”

ಆಗ ಮುಂದಿನ ಗಾಜಿನ ಮೇಲೆ ಕರಕರ ಸದ್ದಾಯಿತು. ಮೂವರೂ ಬೆಚ್ಚಿದೆವು. ಮಂಜಿನಲ್ಲಿ ಒಂದು ಪಟ್ಟಿ ತೆರೆದುಕೊಂಡಿತು, ಅದರಾಚೆ ನ್ಯಾಯಾಧೀಶ ಥೋರ್ಸನ್. ಕೈಗವಸಿಲ್ಲ, ಟೋಪಿಯಿಲ್ಲ. ಕೈಯಲ್ಲಿ ಮಂಜು ಕೆರೆಯುವ ಹಲಗೆ. ಅವರು ಮುಂದಿನ ಗಾಜು ಮುಗಿಸಿದರು. ಪಕ್ಕದವನ್ನು ಮುಗಿಸಿದರು. ಹಿಂದೆ ಹೋದರು. ದೀಪಗಳನ್ನು ಕೆರೆದರು. ನಂಬರ್ ಪ್ಲೇಟನ್ನೂ ಬಿಡಲಿಲ್ಲ. ಒಮ್ಮೆಯೂ ಒಳಗೆ ನೋಡಲಿಲ್ಲ. ಕಡೆಗೆ ಬಾನೆಟ್ಟಿನ ಮೇಲೆ ಮೆಲ್ಲಗೆ ಒಂದು ತಟ್ಟು ತಟ್ಟಿ ಹೊರಟುಹೋದರು.

ನಮ್ಮ ಕಡೆ ಇನ್ನೊಬ್ಬರ ಗಾಡಿಯ ಮಂಜು ಕೆರೆಯುವುದು ಎರಡೇ ಸಂದರ್ಭದಲ್ಲಿ: ಅವರ ಮನೆಯಲ್ಲಿ ಸಾವಾದಾಗ, ಇಲ್ಲವೇ ಅವರ ಮುಂದೆ ಬಾಯಿಬಿಟ್ಟು ಹೇಳಲಾಗದ ತಪ್ಪು ಮಾಡಿದಾಗ. ಮೊದಲನೆಯದನ್ನು ನಾನು ಹಿಂದಿನ ವರ್ಷ ನೋಡಿದ್ದೆ.

“ಎಷ್ಟು ಒಳ್ಳೆ ಮನುಷ್ಯ ನೋಡು,” ಎಂದರು ಮಾವ. “ನಮ್ಮಿಂದ ಅವರಿಗೆ ಅಷ್ಟು ಅವಮಾನ ಆದ್ರೂ.”

ಅತ್ತೆ ಅವರ ಕಡೆ ತಿರುಗಿ ಕೂತರು. “ಲಾಯ್ಡ್. ಅದು ನೀನಲ್ಲ. ಅವರು.”

ನಾನು ಗಾಡಿ ಹೊರಡಿಸಿದೆ. ಶೆರಿಫನ ಗಾಡಿ ಎಂದಿನಂತೆ ಮುಂದೆ ಬಂತು. ಮಾವ ಎರಡು ಸಿಗ್ನಲ್ ದಾಟುವವರೆಗೆ ಯೋಚಿಸಿದರು.

“ಹಾಗಾದ್ರೆ ನಾನು ಮೊದಲನೆಯದನ್ನೂ ಸರಿಯಾಗೇ ಬರೆದಿದ್ದೆ?”

“ಸರಿಯಾಗೇ ಬರೆದಿದ್ದೆ. ಎರಡು ಸಲ.” ಅತ್ತೆಗೆ ಎಷ್ಟೋ ವಾರಗಳ ಮೇಲೆ ನಗು ಬಂತು.

“ಮೊದಲನೆಯದು ಲೆಕ್ಕಕ್ಕೆ ಹೋಯ್ತಾ?”

“ಹೋಯ್ತು.”

“ಎರಡನೆಯದು?”

“ಅದೂ ಹೋಯ್ತು.”

ಮಾವನ ಮುಖದಿಂದ ರಕ್ತ ಇಳಿಯುವುದು ನನಗೆ ಕನ್ನಡಿಯಲ್ಲಿ ಕಂಡಿತು.

“ಡಾರ್ಲೀನ್,” ಎಂದರು. “ಒಂದೇ ಚುನಾವಣೆಯಲ್ಲಿ ಎರಡು ಸಲ ಓಟು ಹಾಕಿದ್ರೆ ಜೈಲಲ್ವಾ?”

ಅತ್ತೆಯ ನಗು ನಿಂತಿತು. ಅವರು ನನ್ನ ಕಡೆ ನೋಡಿದರು. ಯೂನಿವರ್ಸಿಟಿಯಲ್ಲಿ ಓದಿದವಳು ನಾನೊಬ್ಬಳೇ. ನಾನು ಮುಂದಿನ ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದೆ.

ಮಾವ ಸೀಟಿನಲ್ಲಿ ಕೆಳಕ್ಕೆ ಜಾರಿದರು, ಕಿಟಕಿಯಿಂದ ಟೋಪಿಯೂ ಕಾಣದಷ್ಟು. ಊರು ಬರುವವರೆಗೆ ತೊಂಬತ್ತು ಮೈಲಿ ಹಾಗೇ ಇದ್ದರು. ಅವರನ್ನು ಕಾಯಲೆಂದು ಕೊಟ್ಟಿದ್ದ ಪೊಲೀಸ್ ಗಾಡಿ ಅಷ್ಟು ದೂರವೂ ನಮ್ಮ ಮುಂದೆಯೇ ಹೋಗುತ್ತಿತ್ತು.